ಲೊಟಕ್ ಅನ್ನೋ ಸದ್ದಿಗೆ 21,800 ರೂಪಾಯಿ

ಮೊದಲೇ ಹೇಳಿಬಿಡ್ತೀನಿ, ಇದು ಹೊಟ್ಟೆ ಉರಿದುಕೊಂಡು ಬರೆದದ್ದು. 21,800 ರೂಪಾಯಿ ಕಳೆದುಕೊಂಡವನ ಹೊಟ್ಟೆಯುರಿ.

ನಮ್ಮ ಕಾರಿನ ಮುಂದಿನ ಎಡಚಕ್ರದ ಹತ್ತಿರ ಒಂದು ಸದ್ದು. ಲೊಟಕ್. ಮಯೂರ್ ವಿಹಾರದ ಒಳರಸ್ತೆಗಳಲ್ಲಿ ಹದಿನೈದು ಇಪ್ಪತ್ತರ ಸ್ಪೀಡಿನಲ್ಲಿ ಹೋದರೆ ಲೊಟಕ್, ಹೈವೇಗೆ ಹತ್ತಿದರೆ ಇಲ್ಲ. ಇದನ್ನ ಹಿಂದಿಯಲ್ಲಿ ಹೇಳೋದು ಹೇಗೆ ಅನ್ನೋದೇ ಮೊದಲ ತಲೆನೋವು. ದಿಲ್ಲಿಗೆ ಬಂದು ಮೂವತ್ತು ವರ್ಷ ಆಯ್ತು, ತರಕಾರಿಯವನ ಜೊತೆ ಹಿಂದಿಯಲ್ಲೇ ಜಗಳ ಆಡ್ತೀನಿ, ಆದರೆ ಸದ್ದು ಮಾತ್ರ ಇವತ್ತಿಗೂ ಕನ್ನಡದಲ್ಲೇ ಕೇಳಿಸುತ್ತೆ. 'ಖಟ್ ಖಟ್' ಅಂದರೆ ಬಾಗಿಲು ಬಡಿದ ಹಾಗೆ. 'ಠಕ್ ಠಕ್' ಅಂದರೆ ಸುತ್ತಿಗೆ. ಲೊಟಕ್ ಅಂದರೆ ಕೀಲು ಸಡಿಲ, ಒಳಗೆ ಆಡೋದಕ್ಕೆ ಜಾಗ ಆಗಿದೆ ಅಂತ. ಎತ್ತಿನ ಗಾಡಿಯ ಕಡಾಣಿ ಸಡಿಲ ಆದಾಗ ನಮ್ಮಜ್ಜ ಹೀಗೇ ಹೇಳ್ತಿದ್ದರು, ಕೇಳಿದವರಿಗೆ ಅರ್ಧ ರೋಗ ಅಲ್ಲೇ ಗೊತ್ತಾಗ್ತಿತ್ತು. ಸರ್ವಿಸ್ ಸೆಂಟರಿನ ಹುಡುಗ ಜಾಬ್ ಕಾರ್ಡಿನಲ್ಲಿ ಬರೆದುಕೊಂಡಿದ್ದು 'ನಾಯ್ಸ್' ಅಂತ. ಅಷ್ಟೇ.

ಆಮೇಲೆ ಲ್ಯಾಪ್‌ಟಾಪ್ ತಂದು ಸ್ಕ್ಯಾನರ್ ಚುಚ್ಚಿದ. ಸ್ವಾಮಿ, ಬುಷ್ ಸವೆದರೆ ಯಾವ ಕೋಡ್ ಬರುತ್ತೆ? ರಬ್ಬರಿಗೆ ಸೆನ್ಸರ್ ಇದೆಯಾ? ಸ್ಕ್ಯಾನರ್ 'ಆಲ್ ಓಕೆ' ಅಂದಿತು. ಟೆಸ್ಟ್ ಡ್ರೈವ್ ಅಂತ ಅವರ ಗೇಟಿನ ಮುಂದಿನ ಸ್ಪೀಡ್ ಬ್ರೇಕರ್ ಮೇಲೆ ನೇರವಾಗಿ ಎರಡು ಸಲ ಹತ್ತಿಸಿ ಇಳಿಸಿದ. ಸದ್ದಿಲ್ಲ. ಆದರೂ ಎಸ್ಟಿಮೇಟ್ ಬಂತು: ಮುಂದಿನ ಎರಡೂ ಸ್ಟ್ರಟ್, ಮೇಲಿನ ಮೌಂಟ್, ಒಟ್ಟು 14,600. ಸದ್ದು ಕೇಳದೇ ಔಷಧ! ನಾನೂ ಪೆದ್ದನ ಹಾಗೆ ಹೂಂ ಅಂದೆ. ದುಡ್ಡು ಕೊಟ್ಟ ಮೇಲೆ ಎರಡು ದಿನ ಕಿವಿಯೂ ಕೇಳಿಸಿಕೊಳ್ಳಲಿಲ್ಲ ಅನ್ಸುತ್ತೆ. ಮೂರನೇ ದಿನ ಲೊಟಕ್.

ಎರಡನೇ ಗ್ಯಾರೇಜಿನವನು ಒಂದು ಚಕ್ರ ಜಾಕ್ ಮೇಲೆ ಎತ್ತಿ ಅಲ್ಲಾಡಿಸಿದ, ತಲೆಯನ್ನೂ ಅಲ್ಲಾಡಿಸಿದ. ಈ ಕಾರನ್ನ ಯಾರು ಓಡಿಸ್ತಾರೆ ಅಂತ ಕೇಳಿದ. ಮಗಳು, ಕೆಲಸಕ್ಕೆ ಗ್ರೇಟರ್ ನೋಯ್ಡಾಕ್ಕೆ ಹೋಗ್ತಾಳೆ, ಎಕ್ಸ್‌ಪ್ರೆಸ್‌ವೇನಲ್ಲಿ ವಾಪಸ್ ಬರೋದು ರಾತ್ರಿ ಹತ್ತಕ್ಕೆ ಅಂದೆ. ಅಷ್ಟು ಸಾಕಾಯ್ತು ಅವನಿಗೆ. ಬಾಲ್ ಜಾಯಿಂಟ್ ಕಿತ್ತು ಬಂದರೆ ಚಕ್ರ ಮಡಚಿಕೊಳ್ಳುತ್ತೆ ಸರ್, ನೂರರ ಸ್ಪೀಡಿನಲ್ಲಿ ಏನಾಗುತ್ತೆ ಯೋಚನೆ ಮಾಡಿ ಅಂದ. ನನ್ನ ಕೈ ತಾನಾಗಿ ಜೇಬಿಗೆ ಹೋಯ್ತು. ಲೋಯರ್ ಆರ್ಮ್ ಎರಡೂ ಕಡೆ, 7,200. ನನ್ನ ಸಿಟ್ಟು ಇರೋದು ಇಲ್ಲೇ. ಅವನು ಹೇಳಿದ್ದು ಸುಳ್ಳಲ್ಲ, ಬಾಲ್ ಜಾಯಿಂಟ್ ಪೂರ್ತಿ ಸವೆದು ಕಿತ್ತರೆ ಚಕ್ರ ನಿಜವಾಗಿಯೂ ಮಡಚಿಕೊಳ್ಳುತ್ತೆ. ಆದರೆ ಅಷ್ಟು ಭಯಂಕರ ವಿಷಯ ಆದರೆ ಒಂದು ಕಬ್ಬಿಣದ ಸರಳು ತಂದು, ಆರ್ಮ್ ಸಂದಿಗೆ ಮೀಟಿ, ಜಾಯಿಂಟ್ ಆಡುತ್ತಾ ಇಲ್ವಾ ಅಂತ ನೋಡಬಾರದಾ? ಎರಡು ನಿಮಿಷದ ಕೆಲಸ. ಅದನ್ನ ಮಾಡಲಿಲ್ಲ. ಹೆದರಿಸೋದು ಪರೀಕ್ಷೆಗಿಂತ ಸುಲಭ, ಲಾಭವೂ ಜಾಸ್ತಿ.

ಲೊಟಕ್ ಹಾಗೇ ಇತ್ತು. ಮೂರನೆಯವನನ್ನ ಕೇಳಿದರೆ ಸ್ಟೀರಿಂಗ್ ರ್‍ಯಾಕ್, 22,000 ಅಂದ. ಜೊತೆಗೊಂದು ಉಪದೇಶ: ಹನ್ನೊಂದು ವರ್ಷದ ಗಾಡಿ, ಯಾಕೆ ಸರ್ ಇದಕ್ಕೆ ದುಡ್ಡು ಹಾಕ್ತೀರಾ, ಮಾರಿಬಿಡಿ. ಊರಲ್ಲಿರೋರಿಗೆ ಇದು ಅರ್ಥ ಆಗೋಲ್ಲ. ಇಲ್ಲಿ ಗಾಡಿಯ ಆಯುಷ್ಯ ಬರೆಯೋದು ಬ್ರಹ್ಮ ಅಲ್ಲ, ಕೋರ್ಟು. 2015ರಲ್ಲಿ ಹಸಿರು ನ್ಯಾಯಮಂಡಳಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷ ಅಂದಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು, 2025ರಲ್ಲಿ ಮತ್ತೆ ಆದೇಶದ ಮೇಲೆ ಆದೇಶ. ಈ ಗೊಂದಲವನ್ನೇ ಗ್ಯಾರೇಜಿನವರು ಬಂಡವಾಳ ಮಾಡಿಕೊಂಡಿದ್ದಾರೆ. ಹೊಸ ಪಾರ್ಟು ಹಾಕಿಸು, ಇಲ್ಲಾಂದ್ರೆ ಹೊಸ ಕಾರು ತಗೋ. ಏನು ಕೆಟ್ಟಿದೆ ಅಂತ ಹುಡುಕು ಅನ್ನೋ ಮೂರನೇ ದಾರಿಯೇ ಇಲ್ಲ.

ಕೊನೆಗೆ ಆಫೀಸಿನ ಗೆಳೆಯರೊಬ್ಬರು ಪಟ್‌ಪರ್‌ಗಂಜ್ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಗ್ಯಾರೇಜಿಗೆ ಕಳಿಸಿದರು. ಆಸಾಮಿ ಬಾನೆಟ್ ಕೂಡ ತೆಗೆಯದೆ ಹೇಳಿದ: ನೋಡೋದಕ್ಕೆ ಐನೂರು, ಸಿಕ್ಕರೂ ಐನೂರು, ಸಿಗದಿದ್ದರೂ ಐನೂರು. ಆಗ ನಾನು ಏನು ಮಾಡಿದೆ ಗೊತ್ತಾ? ಚೌಕಾಸಿ! ಬರೀ ನೋಡೋದಕ್ಕೆ ಐನೂರಾ, ಮುನ್ನೂರು ತಗೋ ಅಂದೆ. ಕೆಟ್ಟಿರದ ಸ್ಟ್ರಟ್‌ಗೆ, ಕೆಟ್ಟಿರದ ಆರ್ಮ್‌ಗೆ ತುಟಿಪಿಟಕ್ಕೆನ್ನದೆ 21,800 ಎಣಿಸಿ ಕೊಟ್ಟ ಮನುಷ್ಯ, ಮೊದಲ ಸಲ ಒಬ್ಬ ಹುಡುಕಿಕೊಡ್ತೀನಿ ಅಂದಾಗ ಇನ್ನೂರು ರೂಪಾಯಿಗೆ ಜಗಳಕ್ಕೆ ನಿಂತೆ. ಅವನು ಮುನ್ನೂರಕ್ಕೇ ಒಪ್ಪಿಕೊಂಡ. ಅದು ಇನ್ನೂ ಅವಮಾನ.

ಅವನು ಕೇಳಿದ್ದು ಬರೀ ಪ್ರಶ್ನೆ. ಬ್ರೇಕ್ ಹಿಡಿದಾಗ ಬರುತ್ತಾ? ಬಂದರೆ ಲೋಯರ್ ಆರ್ಮ್ ಬುಷ್ ಅಥವಾ ಬ್ರೇಕ್ ಕ್ಯಾಲಿಪರ್ ಕಡೆ ನೋಡಬೇಕು. ಗಾಡಿ ನಿಂತಾಗ ಸ್ಟೀರಿಂಗ್ ತಿರುಗಿಸಿದರೆ ಬರುತ್ತಾ? ಬಂದರೆ ಸ್ಟ್ರಟ್ ಮೌಂಟ್. ಪೂರ್ತಿ ತಿರುವಿನಲ್ಲಿ ಟಿಕ್ ಟಿಕ್ ಅನ್ನುತ್ತಾ? ಡ್ರೈವ್ ಶಾಫ್ಟ್. ಎಲ್ಲಕ್ಕೂ ಇಲ್ಲ ಅಂದೆ. ಎರಡೂ ಚಕ್ರ ಒಟ್ಟಿಗೆ ಸ್ಪೀಡ್ ಬ್ರೇಕರ್ ಹತ್ತಿದಾಗ? ಯೋಚಿಸಿದೆ, ಇಲ್ಲ. ಓರೆಯಾಗಿ ಒಂದೊಂದೇ ಚಕ್ರ ಹತ್ತಿದಾಗ? ಹೌದಲ್ಲಾ!

ವಿಷಯ ಇಷ್ಟೇ. ಎರಡೂ ಮುಂಚಕ್ರಗಳನ್ನ ಜೋಡಿಸೋ ಒಂದು ಬಾಗಿದ ಕಂಬಿ ಇರುತ್ತೆ, ಸ್ಟೆಬಿಲೈಸರ್ ಬಾರ್, ತಿರುವಿನಲ್ಲಿ ಗಾಡಿ ಒಂದು ಕಡೆ ವಾಲದ ಹಾಗೆ ತಡೆಯೋದಕ್ಕೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಆ ಕಂಬಿ ತಿರುಚಿಕೊಳ್ಳೋಲ್ಲ. ಒಂದೇ ಎದ್ದರೆ ತಿರುಚುತ್ತೆ, ಆಗ ಅದರ ತುದಿಯ ಗೇಣುದ್ದದ ಲಿಂಕ್ ರಾಡಿನ ಮೇಲೆ ಎಳೆತ. ಲಿಂಕಿನ ಗುಂಡಿ ಸವೆದಿದ್ದರೆ ಲೊಟಕ್. ಗೇಟಿನ ಮುಂದೆ ನೇರವಾಗಿ ಹತ್ತಿಸಿದವನಿಗೆ ಸದ್ದು ಕೇಳದೇ ಇದ್ದಿದ್ದು ಅದಕ್ಕೇ. ಒಂದೇ ಚಕ್ರ ಜಾಕ್ ಹಾಕಿದವನಿಗೆ ಸಿಗದೇ ಇದ್ದಿದ್ದೂ ಅದಕ್ಕೇ, ಆಗ ಕಂಬಿ ತಿರುಚಿಕೊಂಡು ಲಿಂಕನ್ನ ಬಿಗಿ ಹಿಡಿದಿರುತ್ತೆ, ಆಟ ಗೊತ್ತಾಗೋಲ್ಲ. ಇವನು ಗಾಡಿಯನ್ನ ನಾಲ್ಕು ಚಕ್ರದ ಮೇಲೇ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು, ಲಿಂಕನ್ನ ಕೈಯಲ್ಲಿ ಹಿಡಿದು ಅಲುಗಿಸಿದ. ಅವನ ಹುಡುಗ ಬಾನೆಟ್ ಒತ್ತಿದ. ನನ್ನ ಕೈಯನ್ನೂ ಅದರ ಮೇಲೆ ಇಡಿಸಿದ. ಬೆರಳಿಗೇ ಲೊಟಕ್ ಅಂತು. ನಾನು ಕೇಳದೆಯೇ ಸರಳು ಹಾಕಿ ಬಾಲ್ ಜಾಯಿಂಟನ್ನೂ ಮೀಟಿ ತೋರಿಸಿದ.

ಜೋಡಿ ಲಿಂಕ್ 900, ಕೂಲಿ 250. ಇನ್ನೂ ಹೊಟ್ಟೆ ಉರಿಸೋ ವಿಷಯ ಕೇಳಿ. ನಮ್ಮ ಕಾರಿನಲ್ಲಿ ಆ ಲಿಂಕ್ ಬೋಲ್ಟ್ ಆಗಿರೋದು ಸ್ಟ್ರಟ್‌ಗೇ. ಅಂದರೆ 14,600 ತಗೊಂಡವರು ಸ್ಟ್ರಟ್ ಬಿಚ್ಚುವಾಗ ಆ ಸವೆದ ಲಿಂಕನ್ನ ಕೈಯಲ್ಲಿ ಹಿಡಿದು, ಮತ್ತೆ ಅಲ್ಲೇ ಬಿಗಿದು ಕಳಿಸಿದ್ದಾರೆ.

ದೊಡ್ಡವರು ಕಳ್ಳರು, ಸಣ್ಣವರು ಸಾಧುಗಳು ಅಂತ ಹೇಳ್ತಿಲ್ಲ, ಎರಡನೆಯವನೂ ಸಣ್ಣವನೇ. ಬಿಡಿಭಾಗ, ಪರೀಕ್ಷೆಯ ಉಪಕರಣಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪೆನಿಗಳಿಗೆ ಸುಮಾರು 2,545 ಕೋಟಿ ದಂಡ ಹಾಕಿತ್ತು. ಕಂಪೆನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. ಆದೇಶ ಸರಿಯಾದದ್ದೇ. ಆದರೆ ಕಬ್ಬಿಣದ ಸರಳನ್ನ, ಕಿವಿಯನ್ನ ಯಾವ ಕಂಪೆನಿ ಬಚ್ಚಿಟ್ಟಿತ್ತು? ರೋಗ ಹುಡುಕೋ ಕೆಲಸಕ್ಕೆ ಬೆಲೆಯೇ ಇಲ್ಲ, ಪಾರ್ಟಿಗೆ ಮಾತ್ರ ಬೆಲೆ. ಒಂದು ಗಂಟೆ ಹುಡುಕಿ 900 ರೂಪಾಯಿಯ ಲಿಂಕ್ ಅಂದವನಿಗೆ ಸಿಗೋದು 250, ಹುಡುಕದೇ ಸ್ಟ್ರಟ್ ಅಂದವನಿಗೆ ಕಮಿಷನ್ನು, ಟಾರ್ಗೆಟ್ಟು, ಶಹಬ್ಬಾಸ್. ಹೀಗಿರುವಾಗ ಯಾರು ಹುಡುಕ್ತಾರೆ? ಈ ವ್ಯವಸ್ಥೆಯನ್ನ ಸಾಕ್ತಿರೋರು ನಾವೇ, ಬರೀ ನೋಡೋದಕ್ಕೆ ದುಡ್ಡಾ ಅಂತ ಕೇಳೋ ನನ್ನಂಥವರು.

ರಸ್ತೆಯ ಪಾಲೂ ಇದೆ ಅನ್ನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಸ್ಪೀಡ್ ಬ್ರೇಕರ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 25ರ ಸ್ಪೀಡಿನಲ್ಲಿ ಮೆತ್ತಗೆ ದಾಟೋ ಹಾಗೆ. ನಮ್ಮ ಗಲ್ಲಿಯಲ್ಲಿರೋದು ಸತ್ತ ಹೆಬ್ಬಾವಿಗೆ ಸಿಮೆಂಟು ಬಳಿದ ಹಾಗಿದೆ. ಹೊಟ್ಟೆ ತಾಗಬಾರದು ಅಂತ ಎಲ್ಲರೂ ಓರೆಯಾಗಿಯೇ ಹತ್ತಿಸೋದು, ಲಿಂಕ್ ಸವೆಯದೇ ಇನ್ನೇನಾಗುತ್ತೆ.

ಸವೆದ ಲಿಂಕ್ ಎರಡನ್ನೂ ಕೇಳಿ ಇಸಕೊಂಡು ಬಂದೆ, ಬಾಲ್ಕನಿಯಲ್ಲಿ ತುಳಸಿ ಪಾಟಿನ ಪಕ್ಕ ಬಿದ್ದಿವೆ. ಬದಲಾಯಿಸಿದ ಸ್ಟ್ರಟ್, ಆರ್ಮ್ ಎಲ್ಲಿ ಅಂತ ನಾನು ಆವಾಗ ಕೇಳಲೇ ಇಲ್ಲ. ನಿನ್ನೆ ರಾತ್ರಿ ಮಗಳು ಬಂದವಳೇ, ಅಪ್ಪಾ, ಹಿಂದುಗಡೆಯಿಂದ ಕಿರ್ ಅಂತಿದೆ ಅಂದಳು. ಬ್ರೇಕ್ ಹಿಡಿದಾಗಲಾ, ಗುಂಡಿಯಲ್ಲಾ, ಒಂದು ಚಕ್ರಕ್ಕಾ ಎರಡಕ್ಕಾ ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ಶನಿವಾರ ಪಟ್‌ಪರ್‌ಗಂಜ್. ಐನೂರು ಬೇರೆ ತೆಗೆದಿಟ್ಟಿದ್ದೀನಿ, ಹಳೇ ಬಾಕಿ ಇನ್ನೂರು ಅದರ ಜೊತೆಗೆ.