ಬೆಟ್ಟವನ್ನು ತುಂಡರಿಸುವ ಮುನ್ನ

ಕೊಡಗಿನಲ್ಲಿ ಭೂಪರಿವರ್ತನೆಯನ್ನೂ ಹೊಸ ಬಡಾವಣೆಗಳನ್ನೂ ಕೆಲಕಾಲ ತಡೆಹಿಡಿಯಬೇಕೆಂದು ಬೇಡುತ್ತಿರುವ ಗ್ರಾಮವಾಸಿಗಳನ್ನು ಅಭಿವೃದ್ಧಿಯ ವೈರಿಗಳೆಂದು ಕರೆದ ಲೇಖಕರು, ಆ ಬೇಡಿಕೆಯಲ್ಲಿರುವ ‘ಕೆಲಕಾಲ’ ಎಂಬ ಪದವನ್ನೇ ಓದದೆ ಮುಂದೆ ಸಾಗಿರುವರೆಂದು ವಿಷಾದದಿಂದ ಹೇಳಬೇಕಾಗಿದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಮನೆ, ತೋಟ, ಗದ್ದೆಗಳೊಡನೆ ಕುಸಿದುದನ್ನು ಕಂಡ ಜನರು ಜೆಸಿಬಿಯ ಸದ್ದಿಗೆ ಬೆಚ್ಚುವುದು ಅಜ್ಞಾನದಿಂದಲ್ಲ.

ಕಾಫಿಗಿಡಗಳನ್ನು ಕಿತ್ತು, ನೆರಳಿನ ಮರಗಳನ್ನುರುಳಿಸಿ, ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು, ಸಂಖ್ಯೆ ಬರೆದ ಕಲ್ಲುಗಳನ್ನು ನೆಟ್ಟ ನಿವೇಶನಗಳ ನಡುವೆ ನಾನು ನಿಂತಿದ್ದೇನೆ. ಮೊದಲ ಮಳೆಗೇ ಅಲ್ಲಿಯ ಕೆಮ್ಮಣ್ಣು ಕೆಳಗಣ ತೋಡಿಗಿಳಿದು, ಅದೇ ನೀರನ್ನು ನೆಚ್ಚಿದ ನಾಟಿಗದ್ದೆಯನ್ನು ಹೂಳಿನಿಂದ ತುಂಬುತ್ತದೆ. ಕೆಳಗಿನವನ ಆ ನಷ್ಟವು ಮೇಲಿನವನ ಕ್ರಯಪತ್ರದಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ.

ಸ್ವಂತ ಭೂಮಿಯ ಮಾರಾಟ ರೈತನ ಹಕ್ಕೆಂಬ ಆ ಲೇಖಕರ ವಾದವನ್ನು ನಾನು ಅಲ್ಲಗಳೆಯೆನು. ಸಾಲದಲ್ಲಿ ಬಳಲಿದ ಬೆಳೆಗಾರನ ಸಂಕಟವನ್ನೂ ಬಲ್ಲೆ. ಆದರೆ ಮಾರಾಟವೇ ಬೇರೆ, ಪರಿವರ್ತನೆಯೇ ಬೇರೆ. ಸಾರ್ವಜನಿಕ ಹಿತಕ್ಕೆ ಬಾಧಕವಾದ ಪರಿವರ್ತನೆಗೆ ಅನುಮತಿಯನ್ನು ನಿರಾಕರಿಸುವ ಅಧಿಕಾರವನ್ನು 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣವೇ ಇತ್ತಿರುವಾಗ, ಯಾವ ಇಳಿಜಾರು ಎಷ್ಟು ಭಾರ ತಾಳಬಲ್ಲದು, ಯಾವ ಒರತೆ ಎತ್ತ ಹರಿಯುತ್ತದೆ ಎಂಬುದನ್ನು ಅಳೆದು ಮುಗಿಸುವವರೆಗೆ ಕಾಯಿರೆಂಬ ಬೇಡಿಕೆಯು ಕಾಯಿದೆಯ ಮೇರೆಯನ್ನು ಎಳ್ಳಷ್ಟೂ ಮೀರಿಲ್ಲ.