ಶೋಧಯಂತ್ರವೂ ವರ್ತಕನೂ

ನನ್ನಲ್ಲಿ ಭೌತವಿಜ್ಞಾನವನ್ನು ಓದಿದ ತರುಣನೊಬ್ಬನು ತನ್ನ ಊರಿಗೆ ಮರಳಿ, ಗಾಣದ ಎಣ್ಣೆಯ ಉದ್ಯಮವನ್ನು ನಡೆಸುತ್ತಿದ್ದಾನೆ. ಕಳೆದ ತಿಂಗಳು ಅವನು ಒಂದು ಕರಾರುಪತ್ರವನ್ನು ತಂದು ತೋರಿಸಿದನು. ಗೂಗಲ್ ಶೋಧದಲ್ಲಿ ಅವನ ಅಂಗಡಿಯ ಜಾಲತಾಣವನ್ನು ಮೂರು ತಿಂಗಳೊಳಗೆ ಮೊದಲನೆಯ ಸ್ಥಾನಕ್ಕೆ ಏರಿಸಿಕೊಡುವುದಾಗಿ ಸಲಹೆಗಾರರೊಬ್ಬರು ಅದರಲ್ಲಿ ಖಾತರಿ ಕೊಟ್ಟಿದ್ದರು. ಅವರಿಗೆ ಸಲ್ಲಬೇಕಾಗಿದ್ದ ಹಣವು ಎರಡನೆಯ ಗಾಣಕ್ಕೆಂದು ಕೂಡಿಟ್ಟದ್ದು. "ರುಜು ಹಾಕಲೇ ಸಾರ್?" ಎಂದು ಕೇಳಿದನು. ಬೇಡವೆಂದೆನು. ಅವನಂಥ ವರ್ತಕರು ನಾಡಿನಲ್ಲಿ ಅನೇಕರಿರುವುದರಿಂದ, ಹಾಗೆಂದುದರ ಕಾರಣವನ್ನು ವಾಚಕರ ಮುಂದಿಡುತ್ತೇನೆ.

ಶೋಧಯಂತ್ರವು ಕೆಲಸಮಾಡುವ ಬಗೆಯನ್ನು ಮೊದಲು ನೋಡೋಣ. ನಾವು ಪದವೊಂದನ್ನು ಕೊಟ್ಟ ಕ್ಷಣದಲ್ಲಿ ಅದು ಜಗತ್ತಿನ ಪುಟಗಳನ್ನೆಲ್ಲ ತಡಕುವುದಿಲ್ಲ. ಅದರ ಕ್ರಮವಿಧಿಗಳು ಕೊಂಡಿಯಿಂದ ಕೊಂಡಿಗೆ ಸಾಗಿ, ಪುಟಗಳನ್ನು ಮೊದಲೇ ಓದಿ, ಗ್ರಂಥದ ಕೊನೆಯಲ್ಲಿರುವ ಪದಸೂಚಿಯಂಥ ಒಂದು ಬೃಹತ್ ಸೂಚಿಯನ್ನು ಸಿದ್ಧಪಡಿಸಿರುತ್ತವೆ. ಆ ಸೂಚಿಯಲ್ಲಿ ದೊರೆತ ಅಸಂಖ್ಯ ಪುಟಗಳಲ್ಲಿ ಯಾವುದನ್ನು ಮುಂದೆ ಇಡಬೇಕು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಇದಕ್ಕೊಂದು ಸೊಗಸಾದ ಉತ್ತರವನ್ನು ಪ್ರಕಟಿಸಿದರು. ಇತರ ಪುಟಗಳಿಂದ ಬರುವ ಪ್ರತಿಯೊಂದು ಕೊಂಡಿಯೂ ಒಂದು ಮತವಿದ್ದಂತೆ. ತಾನೇ ಹೆಚ್ಚು ಮತ ಪಡೆದ ಪುಟವು ನೀಡುವ ಮತಕ್ಕೆ ತೂಕವೂ ಹೆಚ್ಚು. ಇದಕ್ಕೆ ಪೇಜ್‌ರ್ಯಾಂಕ್ ಎಂದು ಹೆಸರು. ಇಂದು ಗೂಗಲ್ ಇದಲ್ಲದೆ ಇನ್ನೂ ಅನೇಕ ಲಕ್ಷಣಗಳನ್ನು ಗಣನೆಗೆ ತಂದುಕೊಳ್ಳುತ್ತದೆ.

ಹೀಗೆ ನೋಡಿದರೆ ಸ್ಥಾನವೆಂಬುದು ಒಂದು ಅಳತೆಯೇ ಹೊರತು ಸರಕಿನ ಗುಣವಲ್ಲ. ಉಷ್ಣತಾಮಾಪಕದ ತುದಿಯನ್ನು ಅಂಗೈಯಲ್ಲಿ ಅಮುಕಿ ಹಿಡಿದರೆ ಪಾದರಸವೇರುತ್ತದೆ, ಕೊಠಡಿಯೇನೂ ಬೆಚ್ಚಗಾಗುವುದಿಲ್ಲ. ಕೊಂಡಿಗಳನ್ನು ಹಣಕ್ಕೆ ಕೊಳ್ಳುವುದೂ, ಪುಟದಲ್ಲಿ ಒಂದೇ ಪದವನ್ನು ತುರುಕುವುದೂ ಇಂಥದೇ ಕೆಲಸ. ಯಂತ್ರವನ್ನು ನಡೆಸುವವರು ಇದನ್ನು ಬಲ್ಲರು. ಯಂತ್ರಕ್ಕೆ ಪದಗಳಿಂದ ತುಂಬಿದ ಒಂದು ಪುಟವನ್ನೂ ಗಿರಾಕಿಗಳಿಗೆ ಬೇರೊಂದನ್ನೂ ತೋರಿಸಿದುದಕ್ಕಾಗಿ, ಬಿ.ಎಂ.ಡಬ್ಲ್ಯು. ಸಂಸ್ಥೆಯ ಜರ್ಮನ್ ಜಾಲತಾಣವನ್ನು ಗೂಗಲ್ 2006ರಲ್ಲಿ ತನ್ನ ಸೂಚಿಯಿಂದಲೇ ತೆಗೆದುಹಾಕಿತು. ಕೃತಕ ಕೊಂಡಿಗಳನ್ನು ಹಿಡಿಯಲು 2012ರಲ್ಲಿ ಪೆಂಗ್ವಿನ್ ಎಂಬ ಮಾರ್ಪಾಟನ್ನು ಜಾರಿಗೆ ತಂದಿತು. ಕಾರು ತಯಾರಿಸುವ ದೊಡ್ಡ ಸಂಸ್ಥೆ ತಪ್ಪನ್ನು ತಿದ್ದಿಕೊಂಡು ಬೇಗನೆ ಮರಳಿ ಬಂದಿತು. ಗಾಣದ ಎಣ್ಣೆಯವನಿಗೆ ಅಂಥ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿ ಎಲ್ಲಿಯದು? ಮೊದಲನೆಯ ಸ್ಥಾನವನ್ನು ಯಾರೂ ಖಾತರಿಯಾಗಿ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಸಾರಿ ಹೇಳಿದೆ.

ಹಾಗೆಂದು ಸಲಹೆಗಾರರೆಲ್ಲರೂ ವಂಚಕರೆಂದು ನನ್ನ ಅಭಿಪ್ರಾಯವಲ್ಲ. ಅವರಿಂದ ಆಗತಕ್ಕ ನಿಜವಾದ ಕೆಲಸವೂ ಉಂಟು. ನಾವಿಬ್ಬರೂ ಕುಳಿತು ಅವನ ಜಾಲತಾಣವನ್ನು ಪರೀಕ್ಷಿಸಿದೆವು. ಕನ್ನಡದ ವಿವರಣೆಯಷ್ಟೂ ಕರಪತ್ರದ ಚಿತ್ರವಾಗಿತ್ತು. ಒಂದು ಪುಟವು ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿತ್ತು. ಅಂಥ ಬರಹವು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. "ಕಡಲೆಕಾಯಿ ಎಣ್ಣೆ" ಎಂದು ಹುಡುಕುವವರಿಗೆ ಆ ಪುಟ ದೊರೆಯುವುದಾದರೂ ಹೇಗೆ? ಪುಟಗಳಿಗೆ ತಕ್ಕ ಶೀರ್ಷಿಕೆಯಿರಲಿಲ್ಲ. ಮೊಬೈಲಿನಲ್ಲಿ ಅವು ತೆರೆಯುವ ಹೊತ್ತಿಗೆ ಗಿರಾಕಿಯ ತಾಳ್ಮೆಯೇ ಮುಗಿದಿರುತ್ತಿತ್ತು. ಇವನ್ನು ಸರಿಪಡಿಸುವುದು ಬಲ್ಲವರ ಕೆಲಸ. ಅದಕ್ಕೆ ನ್ಯಾಯವಾದ ಸಂಬಳ ಕೊಡುವುದು ತಪ್ಪಲ್ಲ.

ಆದುದರಿಂದ ವರ್ತಕನು ಸಲಹೆಗಾರನನ್ನು ಕೇಳಬೇಕಾದುದು "ಎಷ್ಟನೆಯ ಸ್ಥಾನ?" ಎಂದಲ್ಲ, "ಏನು ಮಾಡುವಿರಿ, ಏಕೆ ಮಾಡುವಿರಿ?" ಎಂದು. ಮಾಡುವ ಕೆಲಸವನ್ನು ಬಿಡಿಸಿ ಹೇಳಬಲ್ಲವನಿಗೆ ಹಣ ಕೊಡಲಿ. ಅದು ತನ್ನ ಗುಟ್ಟೆನ್ನುವವನಿಗೆ ಕೈಮುಗಿದು ಬೀಳ್ಕೊಡಲಿ. ಯಾವ ಬೀಜವನ್ನು ಎಲ್ಲಿಂದ ತರುತ್ತಾನೆ, ಮರದ ಗಾಣದಲ್ಲಿ ಹೇಗೆ ಅರೆಯುತ್ತಾನೆ, ಎಣ್ಣೆ ಎಷ್ಟು ದಿನ ಕೆಡದೆ ನಿಲ್ಲುತ್ತದೆ ಎಂಬುದನ್ನು ನನ್ನ ವಿದ್ಯಾರ್ಥಿಯು ಈಗ ತಾನೇ ಕನ್ನಡದಲ್ಲಿ ಬರೆಯುತ್ತಿದ್ದಾನೆ. ಅದನ್ನು ಅವನಿಗಿಂತ ಚೆನ್ನಾಗಿ ಬರೆಯಬಲ್ಲ ಸಲಹೆಗಾರನಿಲ್ಲ.