ಬೇಕಾದ 'ಹೊರಗಿನವರು', ಬೇಡವಾದ 'ಹೊರಗಿನವರು'

ಹೊರರಾಜ್ಯದವರಿಗೆ ಬಾಡಿಗೆ ಮನೆ ಕೊಡಬೇಕೋ ಬೇಡವೋ ಅನ್ನೋ ಚರ್ಚೆ ಬೆಂಗಳೂರಿಗಷ್ಟೇ ಸೀಮಿತವಲ್ಲ. ಕಮತಗಿಯಂಥ ನೇಕಾರರ ಊರಿಗೂ ಬಂದಿದೆ. ಮನೆ ಮೇಲೆ ಎರಡು ರೂಮು ಕಟ್ಟಿಸಿ ಮೊದಲ ಸಲ 'ಓನರ್' ಆದ ನನಗೂ ಅದು ಎದುರಾಯ್ತು.

ಮೊದಲು ಬಂದವರು ಬಿಹಾರದ ಟೈಲ್ಸ್ ಕೆಲಸಗಾರ. ಜೊತೆಗೆ ಹೆಂಡತಿ, ಮಗು. ಎರಡು ದಿನ ಬಿಟ್ಟು ಬಂದವರು ಆಂಧ್ರದ ಬ್ಯಾಂಕ್ ಅಧಿಕಾರಿ. ಓಣಿಯ ಹಿರಿಯರೊಬ್ಬರು ಹೇಳಿದ್ರು: "ಹೊರಗಿನವ್ರಿಗೆ ಮನಿ ಕೊಡಬ್ಯಾಡ ತಮ್ಮಾ. ಆ ಬ್ಯಾಂಕಿನ ಸಾಹೇಬ್ರಿಗೆ ಕೊಟ್ಟುಬಿಡು, ಛಲೋ ಮಂದಿ ಅದಾರ."

ಗಮನಿಸಿ, ಇಬ್ಬರೂ ಹೊರರಾಜ್ಯದವರೇ. ಇಬ್ಬರಿಗೂ ಕನ್ನಡ ಅಷ್ಟಕ್ಕಷ್ಟೇ. ಆದರೆ 'ಹೊರಗಿನವ' ಆಗಿದ್ದು ಒಬ್ಬರು ಮಾತ್ರ. ಅಂದ್ರೆ ರಾಜ್ಯ ಅನ್ನೋದು ನೆಪ. ಅಳೀತಿರೋದು ಸಂಬಳ, ಬಟ್ಟೆ. ಮಾತು ಮುಂದುವರಿದ್ರೆ "ಯಾವ ಮಂದಿ ಅವ್ರು?" ಅನ್ನೋ ಪ್ರಶ್ನೆಯೂ ಬರುತ್ತೆ. ಅದರರ್ಥ ಜಾತಿ, ಧರ್ಮ ಅಂತ ಬಿಡಿಸಿ ಹೇಳಬೇಕಿಲ್ಲ.

ಕಾನೂನು ಇಲ್ಲಿ ಅರ್ಧ ದಾರಿಗೇ ನಿಲ್ಲುತ್ತೆ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿ ನಾಗರಿಕರಿಗೂ ಕೊಟ್ಟಿದೆ. ಆದರೆ ಅದು ಮುಖ್ಯವಾಗಿ ಸರ್ಕಾರದ ವಿರುದ್ಧದ ರಕ್ಷಣೆ. ಖಾಸಗಿ ಆಸ್ತಿಯ ಬಾಗಿಲಲ್ಲಿ ಅದರ ಬಲ ಕುಗ್ಗುತ್ತೆ. ಅಹಮದಾಬಾದಿನ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗಷ್ಟೇ ಸದಸ್ಯತ್ವ ಅಂತ ಮಾಡಿಕೊಂಡಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿದಿತ್ತು. ಹಾಗಾಗಿ ಕೊನೆಗೆ ತೀರ್ಮಾನ ಕೀಲಿ ಹಿಡಿದವರದ್ದೇ.

ಪರಿಶೀಲನೆಯೇ ತಪ್ಪು ಅಂತ ನಾನು ವಾದಿಸ್ತಿಲ್ಲ. ನನಗೂ ಸಾಲದ ಕಂತು ಇದೆ. ಬಾಡಿಗೆ ನಿಂತರೆ ಕಷ್ಟ. ಆದರೆ ಆ ಭಯಕ್ಕೆ ಉತ್ತರ ಕೊಡೋ ಪ್ರಶ್ನೆಗಳೇ ಬೇರೆ. ಆಧಾರ್ ಅಸಲಿಯೇ ಅಂತ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಬಹುದು. ಕೆಲಸ ಕೊಟ್ಟವರಿಗೆ, ಹಿಂದಿನ ಓನರ್‌ಗೆ ಒಂದು ಫೋನ್ ಮಾಡಬಹುದು. 11 ತಿಂಗಳ ಕರಾರು ಬರೆಸಿ, ಠಾಣೆಗೆ ಮಾಹಿತಿ ಕೊಡಬಹುದು. ಮುಂಗಡ ಎಷ್ಟು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಗರಿಷ್ಠ ಎರಡು ತಿಂಗಳ ಬಾಡಿಗೆ ಅನ್ನುತ್ತೆ. ಅದು ಬರೀ ಮಾದರಿ, ರಾಜ್ಯ ಒಪ್ಪಿದರಷ್ಟೇ ಜಾರಿ. ಆದರೂ ಪಾಲಿಸೋಕೆ ಯಾರ ಅಡ್ಡಿಯೂ ಇಲ್ಲ.

ಇಬ್ಬರಿಗೂ ಇವನ್ನೇ ಕೇಳಿದೆ. ಟೈಲ್ಸ್ ಕೆಲಸಗಾರರು ಮರುದಿನವೇ ಎಲ್ಲ ತಂದ್ರು. ಹಿಂದಿನ ಓನರ್ ನಂಬರ್ ಕೇಳಿದ್ದು ಬ್ಯಾಂಕ್ ಅಧಿಕಾರಿಗೆ ಅವಮಾನ ಅನ್ನಿಸ್ತು. ಅಂಥ ಪ್ರಶ್ನೆ ಅವರಿಗೆ ಅಭ್ಯಾಸವಿರಲಿಲ್ಲ. ಮೊದಲು ಬಂದವರ ದಾಖಲೆ ಸರಿ ಇದ್ದವು, ಮನೆ ಅವರಿಗಾಯ್ತು. ಹಿರಿಯರಿಗೆ ಇನ್ನೂ ಸಮಾಧಾನವಿಲ್ಲ.

ಬಾಗಲಕೋಟೆ ಜಿಲ್ಲೆಯವರಿಗಂತೂ ಇದು ಬೇಗ ಅರ್ಥವಾಗಬೇಕು. ಮಳೆ ಕೈಕೊಟ್ಟ ವರ್ಷ ಗೋವಾ, ಮಂಗಳೂರು ಬಸ್ ಹತ್ತೋರು ನಮ್ಮವರೇ. ಗೋವಾದಲ್ಲಿ 'ಘಾಟಿ' ಅನ್ನಿಸಿಕೊಳ್ಳೋರೂ ನಮ್ಮವರೇ. ವಾಸ್ಕೋದ ಬೈನಾದಲ್ಲಿ ಕನ್ನಡಿಗರ ಮನೆ ಕೆಡವಿದಾಗ ಕರ್ನಾಟಕದಲ್ಲಿ ಸಿಟ್ಟು ಎದ್ದಿತ್ತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ವಾಸ್ಕೋದಲ್ಲಿ ನಮ್ಮವರಿಗೆ ಯಾವ ಪ್ರಶ್ನೆ ಕೇಳಬಾರದು ಅಂತೀವೋ, ಅದನ್ನೇ ಕಮತಗಿಯಲ್ಲಿ ಬಿಹಾರದವರಿಗೆ ಕೇಳಿದ್ರೆ ಆ ಸಿಟ್ಟಿಗೆ ಬೆಲೆ ಎಲ್ಲಿ?